ಕರ್ನಲ್ ಅಪ್‌ಡೇಟ್: ‘ಹುಡುಕಿ’ ಎಂಬ ಪದವನ್ನು ದಯವಿಟ್ಟು ತಿದ್ದಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಂಪ್ಯೂಟರ್ ಸುರಕ್ಷತೆಯ ಕುರಿತು ಬಂದ ಬರಹದ ಕೊನೆಯಲ್ಲಿ, ‘ನಿಮ್ಮ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಹಳೆಯದಾಗಿದ್ದರೆ ಹೊಸ ಆವೃತ್ತಿಯನ್ನು ಅಂತರ್ಜಾಲದಲ್ಲಿ ಹುಡುಕಿ ಡೌನ್‌ಲೋಡ್ ಮಾಡಿಕೊಳ್ಳಿ’ ಎಂಬ ಒಂದು ಸಾಲಿತ್ತು. ಬರಹದ ಉಳಿದ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಪಾಸ್‌ವರ್ಡ್ ಕುರಿತು ಅದರಲ್ಲಿದ್ದ ಮಾತುಗಳನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿಯೂ ಇದ್ದೇನೆ. ಆದರೆ ಈ ಒಂದು ಸಾಲು, ಅದರಲ್ಲೂ ‘ಹುಡುಕಿ’ ಎಂಬ ಒಂದು ಪದ, ಓದುಗರನ್ನು ಯಾವ ಅಪಾಯದಿಂದ ದೂರವಿಡಲು ಆ ಬರಹ ಹೊರಟಿತ್ತೋ ಅದೇ ಅಪಾಯದ ಬಾಗಿಲಿಗೆ ಕರೆದೊಯ್ದು ನಿಲ್ಲಿಸುತ್ತದೆ. ಕರ್ನಲ್ ಅಪ್‌ಡೇಟ್ ಹುಡುಕಿಕೊಂಡು ಹೋಗುವ ವಸ್ತುವಲ್ಲ. ಅದು ಬರಬೇಕಾದ ದಾರಿ ಯಂತ್ರದೊಳಗೇ ಇದೆ, ಆ ದಾರಿಯಲ್ಲೇ ಅದನ್ನು ತರಿಸಿಕೊಳ್ಳಬೇಕು. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ.

ನಾನು ಎಂಜಿನಿಯರ್ ಅಲ್ಲ. ಅಂಚೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಸಾಗರದ ಸಮೀಪ ನಮ್ಮೂರಿನ ಪ್ರೌಢಶಾಲೆಯಲ್ಲಿರುವ ಒಂಬತ್ತು ಕಂಪ್ಯೂಟರ್‌ಗಳನ್ನೂ ಗ್ರಂಥಾಲಯದಲ್ಲಿರುವ ಒಂದನ್ನೂ ಕಳೆದ ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಹತ್ತರಲ್ಲೂ ಇರುವುದು ವಿಂಡೋಸ್‌ನಂತೆಯೇ ಒಂದು ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು ಲಿನಕ್ಸ್. ಮೊದಲು ಪುಸ್ತಕ ನೋಡಿ ಕಲಿತೆ, ಆಮೇಲೆ ತಪ್ಪು ಮಾಡಿ ಕಲಿತೆ. ಎರಡನೆಯ ವಿಧಾನದಲ್ಲಿ ಕಲಿತದ್ದೇ ಹೆಚ್ಚು ನೆನಪಿನಲ್ಲಿದೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿಯಲ್ಲಿ ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ, ಡಿಸ್ಕು ಮತ್ತು ವೈಫೈ ಯಾರ ಮಾತು ಕೇಳಬೇಕು, ಯಾವ ಕಡತವನ್ನು ಯಾರು ಓದಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಆದ್ದರಿಂದ ಅದರಲ್ಲೇ ಬಿರುಕಿದ್ದರೆ ಅದರ ಮೇಲೆ ಕಟ್ಟಿದ ಪಾಸ್‌ವರ್ಡಾಗಲಿ ಆಂಟಿವೈರಸ್ಸಾಗಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂದಹಾಗೆ, ನಮ್ಮ ಲಿಪಿಯಲ್ಲಿ ಈ ಕರ್ನಲ್‌ಗೂ ಸೇನೆಯ ಕರ್ನಲ್‌ಗೂ ಬರಹದಲ್ಲಿ ಭೇದವಿಲ್ಲ. ಕನ್ನಡದಲ್ಲೇ ಹುಡುಕಲು ಹೊರಟ ನನಗೆ ಮೊದಲ ಸಲ ಸಿಕ್ಕಿದ್ದು ನಿವೃತ್ತ ಸೇನಾಧಿಕಾರಿಗಳ ಸನ್ಮಾನದ ಸುದ್ದಿಗಳು. ನಗುವಂಥದ್ದೇ ಆದರೂ ಇದರಲ್ಲೊಂದು ಸಂಕಟವಿದೆ: ಕನ್ನಡದಲ್ಲಿ ಏನೂ ಸಿಗದ ಹುಡುಗ ಇಂಗ್ಲಿಷ್‌ನಲ್ಲಿ ಹುಡುಕುತ್ತಾನೆ, ಸಿಕ್ಕಿದ ಇಂಗ್ಲಿಷ್ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಹಸಿರು ಬಣ್ಣದ ಬಟನ್ ತುಂಬಿಕೊಡುತ್ತದೆ.

ನಮ್ಮ ಶಾಲೆಯಲ್ಲಿ ನಡೆದದ್ದೂ ಇದೇ. ಒಂಬತ್ತನೇ ತರಗತಿಯ ಚುರುಕಾದ ಹುಡುಗನೊಬ್ಬ ಲ್ಯಾಬಿನ ಮೂರನೇ ಯಂತ್ರದಲ್ಲಿ ಇಂಗ್ಲಿಷ್‌ನಲ್ಲಿ ‘ಕರ್ನಲ್ ಅಪ್‌ಡೇಟ್ ಡೌನ್‌ಲೋಡ್’ ಎಂದು ಹುಡುಕಿದ್ದ. ಮೊದಲು ಬಂದ ಕೊಂಡಿಯ ಪಕ್ಕದಲ್ಲಿ ಅದು ಜಾಹೀರಾತು ಎಂದು ಸಣ್ಣ ಅಕ್ಷರಗಳಲ್ಲಿತ್ತು. ಅವನು ಅದನ್ನು ನೋಡಲಿಲ್ಲ, ಅವನ ವಯಸ್ಸಿನಲ್ಲಿ ನಾನಿದ್ದರೂ ನೋಡುತ್ತಿರಲಿಲ್ಲ. ತೆರೆದ ಪುಟದಲ್ಲಿ ಒಂದರ ಕೆಳಗೊಂದು ಮೂರು ಡೌನ್‌ಲೋಡ್ ಬಟನ್‌ಗಳಿದ್ದವು. ಇಳಿದು ಬಂದ ಕಡತದ ಹೆಸರು ‘ಡಾಟ್ ಇಎಕ್ಸ್‌ಇ’ ಎಂದು ಕೊನೆಯಾಗುತ್ತಿತ್ತು, ಎಂದರೆ ಅದು ವಿಂಡೋಸ್‌ಗಾಗಿ ಮಾಡಿದ ಪ್ರೋಗ್ರಾಮ್. ಅದನ್ನು ಅವನು ಲಿನಕ್ಸ್ ಯಂತ್ರದಲ್ಲಿ ಮೂರು ನಾಲ್ಕು ಸಲ ಡಬಲ್ ಕ್ಲಿಕ್ ಮಾಡಿ, ಏನೂ ಆಗದಿದ್ದಾಗ, ‘ಕರ್ನಲ್ ಇನ್‌ಸ್ಟಾಲೇ ಆಗ್ತಿಲ್ಲ ಸರ್’ ಎಂದು ನನ್ನ ಬಳಿ ದೂರು ತಂದ. ಬೇರೆ ಬೀಗದ ಕೈ ತಂದಿದ್ದರಿಂದ ಬಾಗಿಲು ತೆರೆಯಲಿಲ್ಲ, ಅಷ್ಟೇ ನಮ್ಮ ಅದೃಷ್ಟ. ಅದೇ ಕಡತ ಪಕ್ಕದ ಆಫೀಸು ಕೋಣೆಯ ವಿಂಡೋಸ್ ಯಂತ್ರದಲ್ಲಿ ಇಳಿದಿದ್ದರೆ ಕಥೆ ಬೇರೆಯಾಗುತ್ತಿತ್ತು. 2022ರಲ್ಲಿ ಮ್ಯಾಗ್ನಿಬರ್ ಎಂಬ ಸುಲಿಗೆ ತಂತ್ರಾಂಶ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವಂಥದ್ದು) ಹರಡಿದ್ದು ಇಂಥದೇ ವೇಷದಲ್ಲಿ. ವಿಂಡೋಸ್ ಅಪ್‌ಡೇಟ್ ಎಂದು ನಂಬಿ ಜನ ತಾವೇ ಡೌನ್‌ಲೋಡ್ ಮಾಡಿಕೊಂಡು, ತಾವೇ ಅನುಮತಿ ಒತ್ತಿ, ಕಡತಗಳನ್ನು ಕಳೆದುಕೊಂಡರು.

ಸರಿಯಾದ ದಾರಿ ಹೇಗಿದೆ ಎಂಬುದನ್ನು ಉಬುಂಟುವಿನ ಉದಾಹರಣೆಯಿಂದಲೇ ಹೇಳುತ್ತೇನೆ, ನನಗೆ ಕೈಬಳಕೆ ಇರುವುದು ಅದರಲ್ಲಿ. ‘ಸಾಫ್ಟ್‌ವೇರ್ ಅಪ್‌ಡೇಟರ್’ ತೆರೆದರೂ ಆಯಿತು, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ‘ಸುಡೊ ಆಪ್ಟ್ ಅಪ್‌ಡೇಟ್’ ಎಂದೂ ಬಳಿಕ ‘ಸುಡೊ ಆಪ್ಟ್ ಅಪ್‌ಗ್ರೇಡ್’ ಎಂದೂ ಬರೆದರೂ ಆಯಿತು. ಮೊದಲನೆಯದು ಪಟ್ಟಿಯನ್ನು ತರುತ್ತದೆ, ಎರಡನೆಯದು ಸರಕನ್ನು ತರುತ್ತದೆ. ಪಟ್ಟಿಯ ತಲೆಗೆ ‘ಇನ್‌ರಿಲೀಸ್’ ಎಂಬ ಒಂದು ಕಡತವಿರುತ್ತದೆ. ಅದಕ್ಕೆ ವಿತರಕರ ಡಿಜಿಟಲ್ ಸಹಿ ಬಿದ್ದಿರುತ್ತದೆ, ಆ ಸಹಿಯನ್ನು ಪರೀಕ್ಷಿಸುವ ಕೀಲಿ ಮೊದಲ ಇನ್‌ಸ್ಟಾಲ್ ಆದ ದಿನದಿಂದಲೇ ನಮ್ಮ ಯಂತ್ರದಲ್ಲಿರುತ್ತದೆ. ಆ ಕಡತದೊಳಗೆ ಪ್ಯಾಕೇಜುಗಳ (ತಂತ್ರಾಂಶದ ಕಟ್ಟುಗಳ) ಪಟ್ಟಿಯ ಎಸ್‌ಎಚ್‌ಎ-256 ಮೊತ್ತ, ಎಂದರೆ ಕಡತದ ಬೆರಳಚ್ಚಿನಂಥ ಒಂದು ಲೆಕ್ಕ, ಆ ಪಟ್ಟಿಯೊಳಗೆ ಕರ್ನಲ್ ಸೇರಿದಂತೆ ಪ್ರತಿಯೊಂದು ಪ್ಯಾಕೇಜಿನ ಎಸ್‌ಎಚ್‌ಎ-256 ಮೊತ್ತ ಇರುತ್ತವೆ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿಯಲ್ಲಿ ಒಂದೇ ಒಂದು ಬೈಟ್ ವ್ಯತ್ಯಾಸವಾದರೂ ಯಂತ್ರ ಆ ಪ್ಯಾಕೇಜನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಅಂಚೆಯವನಿಗೆ ಇದು ಅರ್ಥವಾಗಲು ತಡವಾಗಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಅಂಚೆ ಚೀಲಗಳು ಖಾಸಗಿ ಬಸ್ಸಿನ ಮೇಲೆ, ಅಡಿಕೆ ಮೂಟೆಗಳ ನಡುವೆ ಕುಳಿತು ಬರುತ್ತಿದ್ದವು. ಬಸ್ಸು ಯಾರದು, ಕಂಡಕ್ಟರ್ ಯಾರು ಎಂದು ನಾವು ಕೇಳುತ್ತಿರಲಿಲ್ಲ. ಚೀಲದ ಬಾಯಿಗೆ ಹಾಕಿದ ಅರಗಿನ ಮುದ್ರೆ ಒಡೆದಿದೆಯೇ ಎಂದಷ್ಟೇ ನೋಡುತ್ತಿದ್ದೆವು. ಮುದ್ರೆ ಒಡೆದಿದ್ದರೆ ಚೀಲವನ್ನು ಇಬ್ಬರ ಸಮಕ್ಷಮ ತೆರೆದು ವರದಿ ಬರೆಯಬೇಕಿತ್ತು. ಲಿನಕ್ಸ್ ಪ್ಯಾಕೇಜುಗಳ ಸಾಗಣೆಯೂ ಹೀಗೆಯೇ. ಅವು ಜಗತ್ತಿನ ನೂರಾರು ‘ಮಿರರ್’ಗಳಲ್ಲಿವೆ, ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಯಂಥ ಸಂಸ್ಥೆಗಳೂ ಪ್ರತಿಗಳನ್ನು ಇಟ್ಟುಕೊಂಡು ಹಂಚುತ್ತವೆ. ಯಾವ ಮಿರರ್‌ನಿಂದ ಬಂದರೂ ಮುದ್ರೆ ಮೂಲದವರದೇ. ಆದರೆ ಹುಡುಕುತಾಣದಲ್ಲಿ ಸಿಕ್ಕಿದ ಪುಟದಿಂದ ಇಳಿಸಿಕೊಂಡ ಕಡತ ಮುದ್ರೆಯೇ ಇಲ್ಲದ ಚೀಲ. ಅದನ್ನು ನಾವು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಟ್ಟು ಕೈಯಾರೆ ಒಳಗೆ ಕರೆದುಕೊಳ್ಳುತ್ತೇವೆ.

‘ಅಧಿಕೃತ ವೆಬ್‌ಸೈಟಿನಿಂದಲೇ ಇಳಿಸಿಕೊಂಡರೆ ಸಾಲದೇ’ ಎಂದು ಯಾರಾದರೂ ಕೇಳಬಹುದು. ಸಾಲದು ಎಂಬುದಕ್ಕೆ ಎರಡು ನಿದರ್ಶನಗಳಿವೆ. ಲಿನಕ್ಸ್ ಕರ್ನಲ್‌ನ ತವರೇ ಆದ ‘ಕರ್ನಲ್ ಡಾಟ್ ಆರ್ಗ್’ನ ಸರ್ವರ್‌ಗಳಿಗೆ 2011ರ ಆಗಸ್ಟ್‌ನಲ್ಲಿ ಕಳ್ಳರು ನುಗ್ಗಿದ್ದು ಪತ್ತೆಯಾಗಿ, ಆ ತಾಣ ಕೆಲವು ವಾರಗಳ ಕಾಲ ಮುಚ್ಚಿತ್ತು. ಕರ್ನಲ್‌ನ ಮೂಲ ಸಂಕೇತವನ್ನು ‘ಗಿಟ್’ ವ್ಯವಸ್ಥೆಯಲ್ಲಿ ಇಡುವುದರಿಂದ, ಪ್ರತಿ ಬದಲಾವಣೆಗೂ ಅದರ ಹಿಂದಿನದಕ್ಕೂ ಲೆಕ್ಕದ ಕೊಂಡಿ ಇರುವುದರಿಂದ, ಮತ್ತು ಸಾವಿರಾರು ಜನರ ಬಳಿ ಅದರ ಪೂರ್ಣ ಪ್ರತಿಗಳಿದ್ದುದರಿಂದ, ಗುಟ್ಟಾಗಿ ಏನನ್ನಾದರೂ ಸೇರಿಸಿ ದಕ್ಕಿಸಿಕೊಳ್ಳುವುದು ಸಾಧ್ಯವಿರಲಿಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಗೆ ಆದದ್ದು ಇದಕ್ಕಿಂತ ಕೆಟ್ಟದ್ದು. ಅವರ ಅಧಿಕೃತ ವೆಬ್‌ಸೈಟಿಗೇ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ತಾವು ಹಿಂಬಾಗಿಲು ಕೊರೆದಿಟ್ಟ ಪ್ರತಿಯತ್ತ ತಿರುಗಿಸಿದರು. ವಿಳಾಸ ಸರಿಯಾಗಿತ್ತು, ಪುಟ ಸರಿಯಾಗಿತ್ತು, ಬಂದ ಕಡತ ಮಾತ್ರ ಕಳ್ಳರದು. ಈಗಾಗಲೇ ಇನ್‌ಸ್ಟಾಲ್ ಆಗಿದ್ದ ಮಿಂಟ್ ಯಂತ್ರಗಳಿಗೆ ಅಪ್‌ಡೇಟ್ ತರುವ ದಾರಿಗೆ ಇದರಿಂದ ತೊಂದರೆಯಾಗಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಕರ್ನಲನ್ನು ನಿಜವಾಗಿಯೂ ಕೈಯಾರೆ ಇಳಿಸಿಕೊಳ್ಳಬೇಕಾದವರೂ ಇದ್ದಾರೆ: ಹೊಸ ಹಾರ್ಡ್‌ವೇರ್ ಪರೀಕ್ಷಿಸುವವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕರ್ನಲ್‌ಗೇ ಕೆಲಸ ಮಾಡುವವರು. ಅವರಿಗೆ ನನ್ನಂಥವನ ಉಪದೇಶ ಬೇಕಿಲ್ಲ. ಆದರೆ ಕಾಲೇಜಿನ ಮಕ್ಕಳು ಎಡವುವ ಒಂದು ಜಾಗವನ್ನು ಹೇಳಿಬಿಡುತ್ತೇನೆ, ನಾನೂ ಅಲ್ಲೇ ಎಡವಿದ್ದೆ. ಕರ್ನಲ್ ಡಾಟ್ ಆರ್ಗ್‌ನಲ್ಲಿ ಮೂಲ ಸಂಕೇತ ‘ಎಕ್ಸ್‌ಝಡ್’ ವಿಧಾನದಲ್ಲಿ ಕುಗ್ಗಿಸಿದ ಕಟ್ಟಾಗಿಯೂ ಅದರ ಸಹಿ ಬೇರೊಂದು ಚಿಕ್ಕ ಕಡತವಾಗಿಯೂ ಸಿಗುತ್ತವೆ. ಸಹಿ ಹಾಕಿರುವುದು ಕುಗ್ಗಿಸಿದ ಕಟ್ಟಿಗಲ್ಲ, ಬಿಚ್ಚಿದ ಕಟ್ಟಿಗೆ. ಬಿಚ್ಚದೆ ಪರೀಕ್ಷಿಸಿದರೆ ‘ಸಹಿ ಸರಿಯಿಲ್ಲ’ ಎಂಬ ಉತ್ತರ ಬರುತ್ತದೆ. ಮೊದಲ ಸಲ ಆ ಸಾಲನ್ನು ನೋಡಿ ನಾನು ಕರ್ನಲ್ ಡಾಟ್ ಆರ್ಗ್ ಮತ್ತೆ ಲೂಟಿಯಾಗಿದೆ ಎಂದೇ ತಿಳಿದು ಅರ್ಧ ರಾತ್ರಿ ನಿದ್ದೆಗೆಟ್ಟಿದ್ದೆ.

ಇನ್ನು ತಮ್ಮ ಪುಟದ ಸಾಲಿನಲ್ಲಿದ್ದ ‘ಹಳೆಯದಾಗಿದ್ದರೆ’ ಎಂಬ ಮಾತು. ಕರ್ನಲ್ ಹಳೆಯದೋ ಹೊಸದೋ ಎಂದು ಸಾಮಾನ್ಯ ಓದುಗರು ತಿಳಿಯುವುದು ಸಂಖ್ಯೆಯಿಂದ. ಆದರೆ ಸಂಖ್ಯೆ ಇಲ್ಲಿ ಮೋಸ ಮಾಡುತ್ತದೆ. ಟರ್ಮಿನಲ್‌ನಲ್ಲಿ ‘ಯುನೇಮ್ ಹೈಫನ್ ಆರ್’ ಎಂಬ ಆದೇಶ ಕೊಟ್ಟರೆ ಸದ್ಯ ಓಡುತ್ತಿರುವ ಕರ್ನಲ್‌ನ ಸಂಖ್ಯೆ ಕಾಣುತ್ತದೆ. ನಮ್ಮ ಶಾಲೆಯ ಯಂತ್ರಗಳಲ್ಲಿ ಅದು 6.8.0 ಎಂದು ಶುರುವಾಗುತ್ತದೆ, ಏಕೆಂದರೆ ಉಬುಂಟು 24.04ರ ಮೂಲ ಕರ್ನಲ್ ಸಾಲಿನಲ್ಲೇ (ಒಂದೇ ಸಂಖ್ಯೆಯಿಂದ ಶುರುವಾಗುವ ಆವೃತ್ತಿಗಳ ಸರಣಿಯಲ್ಲೇ) ಅವನ್ನು ಉಳಿಸಿಕೊಂಡಿದ್ದೇನೆ. ಕರ್ನಲ್ ಡಾಟ್ ಆರ್ಗ್ ನೋಡಿದರೆ 6.8ರ ಸಾಲು 2024ರ ಮೇ ತಿಂಗಳ ಕೊನೆಗೇ ಮುಗಿದಿದೆ. ಅಷ್ಟನ್ನೇ ನೋಡಿದವರು ಗಾಬರಿಯಾಗುವುದು ಸಹಜ. ವಾಸ್ತವದಲ್ಲಿ ಉಬುಂಟುವಿನವರು ಆಮೇಲೆ ಸಿದ್ಧವಾದ ಸುರಕ್ಷತಾ ತಿದ್ದುಪಡಿಗಳನ್ನು ತಂದು ಅದೇ 6.8ಕ್ಕೆ ಹೊಲಿಯುತ್ತಾ ಹೋಗುತ್ತಾರೆ, 6.8.0 ಎಂಬ ಭಾಗ ಬದಲಾಗುವುದಿಲ್ಲ, ಅದರ ಮುಂದಿನ ಗೀಟಿನ ನಂತರದ ಸಂಖ್ಯೆ ಮಾತ್ರ ಏರುತ್ತಾ ಹೋಗುತ್ತದೆ. ನೋಡಬೇಕಾದದ್ದು ಆ ಎರಡನೆಯ ಸಂಖ್ಯೆಯನ್ನು. ಅಂಗಿಯ ಬಣ್ಣ ಹಳೆಯದಾದರೂ ತೇಪೆ ಮೊನ್ನೆ ಹಾಕಿದ್ದು.

2022ರ ಮಾರ್ಚ್‌ನಲ್ಲಿ ಹೊರಬಿದ್ದ ‘ಡರ್ಟಿ ಪೈಪ್’ ಎಂಬ ದೋಷವನ್ನು ತೆಗೆದುಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಓದಲು ಮಾತ್ರ ಅನುಮತಿ ಇರುವ ಕಡತಗಳ ಮೇಲೂ ಸಾಮಾನ್ಯ ಬಳಕೆದಾರ ಬರೆಯಬಹುದಾಗಿದ್ದ ಆ ಬಿರುಕು 5.8ರಿಂದ ಮುಂದಿನ ಕರ್ನಲ್‌ಗಳಲ್ಲಿತ್ತು. ಅದಕ್ಕೆ ತಿದ್ದುಪಡಿ ಬಂದದ್ದು ಒಂದೇ ಆವೃತ್ತಿಯಲ್ಲಲ್ಲ, 5.16.11, 5.15.25, 5.10.102 ಹೀಗೆ ಮೂರು ಸಾಲುಗಳಲ್ಲಿ. ಎಂದರೆ 5.10.102 ಇದ್ದವನು ಸುರಕ್ಷಿತ, ಅದಕ್ಕಿಂತ ‘ದೊಡ್ಡ’ದಾದ 5.16.10 ಇದ್ದವನು ಅಪಾಯದಲ್ಲಿ. ದೊಡ್ಡ ಸಂಖ್ಯೆಯನ್ನು ಅರಸಿ ಹೋಗಿ ಎಂದು ಓದುಗರಿಗೆ ಹೇಳುವುದು ಏಕೆ ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದಕ್ಕೂ ಹಿಂದೆ, 2016ರ ಅಕ್ಟೋಬರ್‌ನಲ್ಲಿ ಬಯಲಾದ ‘ಡರ್ಟಿ ಕೌ’ ದೋಷ 2007ರಿಂದ ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದಂತೆ ಕರ್ನಲ್‌ನೊಳಗೆ ಕುಳಿತಿತ್ತು.

ತೀರಾ ಹೊಸದರ ಬಗ್ಗೆಯೂ ಒಂದು ಮಾತು. ಉಬುಂಟುವಿನವರೇ ಪರೀಕ್ಷೆಗೆಂದು ‘ಮೇನ್‌ಲೈನ್’ ಕರ್ನಲ್‌ಗಳನ್ನು ಕಟ್ಟಿ ಒಂದು ಪುಟದಲ್ಲಿ ಇಟ್ಟಿರುತ್ತಾರೆ. ವಿಡಿಯೊ ನೋಡಿ ಅವನ್ನು ಇಳಿಸಿಕೊಂಡು ಹಾಕಿಕೊಳ್ಳುವ ಗೀಳು ಯುವಕರಲ್ಲಿದೆ. ಅವುಗಳಿಗೆ ಸುರಕ್ಷತಾ ಬೆಂಬಲವಿಲ್ಲ, ಒಮ್ಮೆ ಹಾಕಿದರೆ ತಾವಾಗಿ ಮುಂದಕ್ಕೆ ನವೀಕರಣಗೊಳ್ಳುವುದೂ ಇಲ್ಲ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಕರ್ನಲನ್ನು ತಡೆಯುವ ವ್ಯವಸ್ಥೆ) ಚಾಲೂ ಇದ್ದರೆ ಅನೇಕ ವೇಳೆ ಯಂತ್ರ ಅವುಗಳಿಂದ ಏಳುವುದೇ ಇಲ್ಲ. 2024ರ ಮಾರ್ಚ್‌ನಲ್ಲಿ, ನಾನು ಮೇಲೆ ಹೇಳಿದ ಎಕ್ಸ್‌ಝಡ್ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲೇ ಹಿಂಬಾಗಿಲು ಪತ್ತೆಯಾದಾಗ ಸಿಕ್ಕಿಬಿದ್ದವರು ಎಲ್ಲಕ್ಕಿಂತ ಹೊಸದನ್ನು ಎಲ್ಲರಿಗಿಂತ ಮೊದಲು ಬಯಸಿದವರು. ಸ್ಥಿರ ಆವೃತ್ತಿಗಳಿಗೆ ಅದಿನ್ನೂ ಬಂದಿರಲೇ ಇಲ್ಲ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಸರಿಯಾದ ದಾರಿಯಲ್ಲೇ ಹೋದರೂ ಕರ್ನಲ್ ಅಪ್‌ಡೇಟ್ ಮೂರು ಕಡೆ ನಿಂತುಬಿಡುತ್ತದೆ, ಅದು ನಿಂತದ್ದು ಗೊತ್ತಾಗುವುದೂ ಇಲ್ಲ. ಪತ್ರಿಕೆಯವರು ಬರೆಯಬೇಕಾದದ್ದು ಇದರ ಬಗ್ಗೆ ಎಂದು ನನ್ನ ಅಭಿಪ್ರಾಯ.

ಮೊದಲನೆಯದು ಆದೇಶದ್ದು. ಹಳೆಯ ಪುಸ್ತಕಗಳಲ್ಲಿ ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಎಂದಿರುತ್ತದೆ. ಆ ಆದೇಶ ಈಗಾಗಲೇ ಇರುವ ಪ್ಯಾಕೇಜುಗಳನ್ನಷ್ಟೇ ಏರಿಸುತ್ತದೆ, ಹೊಸ ಹೆಸರಿನ ಪ್ಯಾಕೇಜನ್ನು ಒಳಗೆ ಸೇರಿಸುವುದಿಲ್ಲ. ಕರ್ನಲ್‌ನ ಪ್ರತಿ ಅಪ್‌ಡೇಟೂ ಹೆಸರಿನಲ್ಲೇ ಸಂಖ್ಯೆ ಹೊತ್ತ ಹೊಸ ಪ್ಯಾಕೇಜ್ ಆದುದರಿಂದ, ಅದು ‘ತಡೆಹಿಡಿಯಲಾಗಿದೆ’ ಎಂಬರ್ಥದ ಒಂದು ಇಂಗ್ಲಿಷ್ ಸಾಲು ತೋರಿಸಿ ಸುಮ್ಮನಾಗುತ್ತದೆ. ಗ್ರಂಥಾಲಯದ ಯಂತ್ರದಲ್ಲಿ ನಾನು ತಿಂಗಳುಗಟ್ಟಲೆ ಈ ಆದೇಶವನ್ನೇ ಕೊಟ್ಟು, ಎಲ್ಲವೂ ಸರಿಯಿದೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಈಗಿನ ‘ಆಪ್ಟ್ ಅಪ್‌ಗ್ರೇಡ್’ ಹೊಸ ಪ್ಯಾಕೇಜನ್ನೂ ತರುತ್ತದೆ. ನಡುವಿನ ‘ಗೆಟ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಇಷ್ಟು ವ್ಯತ್ಯಾಸವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಜಾಗದ್ದು. ಅದೇ ಯಂತ್ರವನ್ನು ಮೊದಲು ಸಿದ್ಧಮಾಡಿಕೊಟ್ಟವರು ಡಿಸ್ಕಿನಲ್ಲಿ ಕರ್ನಲ್‌ಗಳನ್ನು ಇಡುವ ‘ಬೂಟ್’ ವಿಭಾಗಕ್ಕೆ ಸುಮಾರು ಐನೂರು ಎಂಬಿ ಮಾತ್ರ ಇಟ್ಟಿದ್ದರು. ಒಂದು ಕರ್ನಲ್, ಅದರೊಡನೆ ಬರುವ ಆರಂಭಿಕ ಕಡತ ಸೇರಿದರೆ ನೂರು ಎಂಬಿ ದಾಟುತ್ತದೆ. ನಾಲ್ಕನೆಯ ಕರ್ನಲ್ ಬರುವಷ್ಟರಲ್ಲಿ ಕಣಜ ತುಂಬಿತು. ಹೊಸದು ಅರ್ಧ ಇಳಿದು, ಅರ್ಧ ಬರೆದು, ನಡುವೆ ನಿಂತಿತು. ಆ ಬಳಿಕ ಬೇರೆ ಯಾವ ಅಪ್‌ಡೇಟೂ ಮುಂದೆ ಹೋಗಲೊಲ್ಲದು. ‘ಆಪ್ಟ್ ಆಟೊರಿಮೂವ್’ ಎಂಬ ಆದೇಶ ಬೇಡವಾದ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಇದನ್ನು ಆಗಾಗ ಕೊಡುತ್ತಿದ್ದರೆ ಈ ಸ್ಥಿತಿ ಬರುವುದಿಲ್ಲ. ಆದರೆ ಜಾಗ ಉಳಿಸುವ ಉತ್ಸಾಹದಲ್ಲಿ ಹಳೆಯದನ್ನೆಲ್ಲ ಕೈಯಾರೆ ಅಳಿಸಿ ಹಾಕಬಾರದು. ಹಿಂದಿನ ಒಂದು ಕರ್ನಲ್ ಇರಲೇಬೇಕು: ಹೊಸದರಲ್ಲಿ ವೈಫೈ ಕೈಕೊಟ್ಟರೆ ಅಥವಾ ಪರದೆ ಕಪ್ಪಾದರೆ, ಯಂತ್ರ ಏಳುವಾಗ ಬರುವ ‘ಗ್ರಬ್’ ಪಟ್ಟಿಯ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಳೆಯದನ್ನೇ ಆರಿಸಿಕೊಂಡು ಆ ದಿನದ ಪಾಠ ಮುಗಿಸಬಹುದು. ಅಪ್‌ಡೇಟ್ ಎಂದರೆ ಹೆದರುವ ಶಿಕ್ಷಕರಿಗೆ ನಾನು ಮೊದಲು ತೋರಿಸುವುದೇ ಈ ಪಟ್ಟಿಯನ್ನು.

ಮೂರನೆಯದು ರೀಸ್ಟಾರ್ಟ್. ಇದು ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವಂಥದ್ದು. ಬ್ರೌಸರ್ ಅಪ್‌ಡೇಟ್ ಆದರೆ ಮುಚ್ಚಿ ತೆರೆದರೆ ಸಾಕು. ಕರ್ನಲ್ ಮಾತ್ರ ಯಂತ್ರ ಮತ್ತೆ ಶುರುವಾಗುವವರೆಗೆ ಹಳೆಯದೇ ಓಡುತ್ತಿರುತ್ತದೆ. ಹೊಸದು ಡಿಸ್ಕಿನಲ್ಲಿ ಮಲಗಿರುತ್ತದೆ. ಪರಿಚಯದ ಸಹಕಾರ ಸಂಘವೊಂದರಲ್ಲಿ ಲಿನಕ್ಸ್ ಸರ್ವರ್ ಒಂದಿದೆ. ಅಲ್ಲಿಯ ಗುಮಾಸ್ತರು ಹೆಮ್ಮೆಯಿಂದ, ‘ಇದನ್ನು ನಾವು ಒಂದು ಸಲವೂ ಆಫ್ ಮಾಡಿಲ್ಲ’ ಎಂದರು. ‘ಅಪ್‌ಟೈಮ್’ ಎಂದು ಕೇಳಿ ನೋಡಿದರೆ 211 ದಿನ. ಸುರಕ್ಷತಾ ಅಪ್‌ಡೇಟುಗಳು ತಾವಾಗಿಯೇ ಇಳಿಯುವಂತೆ ಉಬುಂಟುವಿನಲ್ಲಿ ಮೊದಲೇ ವ್ಯವಸ್ಥೆ ಇರುವುದರಿಂದ ಆ ಏಳು ತಿಂಗಳಲ್ಲಿ ಬಂದ ಕರ್ನಲ್‌ಗಳೆಲ್ಲ ಬಂದು ಇನ್‌ಸ್ಟಾಲ್ ಆಗಿದ್ದವು. ಆದರೆ ಆ ವ್ಯವಸ್ಥೆ ಕೇಳದೆ ಯಂತ್ರವನ್ನು ರೀಸ್ಟಾರ್ಟ್ ಮಾಡುವುದಿಲ್ಲ. ‘ರೀಬೂಟ್ ರಿಕ್ವೈರ್ಡ್’ ಎಂಬ ಹೆಸರಿನ ಒಂದು ಪುಟ್ಟ ಕಡತವನ್ನು ಇಟ್ಟು ಕಾಯುತ್ತದೆ. ಅದು ಅಲ್ಲಿತ್ತು. ಓಡುತ್ತಿದ್ದುದು ಏಳು ತಿಂಗಳ ಹಿಂದಿನ ಕರ್ನಲ್. ಟಪಾಲು ಬಂದು, ಬಟವಾಡೆಯಾಗದೆ, ಪೆಟ್ಟಿಗೆಯಲ್ಲೇ ಉಳಿದ ಹಾಗೆ. ನಿಲ್ಲಿಸಲೇ ಆಗದ ಸರ್ವರ್‌ಗಳಿಗೆ ಓಡುತ್ತಿರುವಾಗಲೇ ತೇಪೆ ಹಾಕುವ ‘ಲೈವ್‌ಪ್ಯಾಚ್’ ಸೌಲಭ್ಯವಿದೆ, 2015ರಲ್ಲಿ ಬಂದ 4.0 ಕರ್ನಲ್‌ನಿಂದಲೂ ಅದಕ್ಕೆ ಆಧಾರವಿದೆ. ಆದರೆ ಸಂಜೆ ಐದೂವರೆಗೆ ಬಾಗಿಲು ಹಾಕುವ ಕಚೇರಿಗೆ ಅದರ ಅಗತ್ಯವೇನೂ ಇಲ್ಲ; ಹೊರಡುವ ಮುನ್ನ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಡೇಟಾ ಖರ್ಚಿನ ಮಾತನ್ನೂ ಬಿಡುವಂತಿಲ್ಲ. ಒಂದು ಕರ್ನಲ್ ಅಪ್‌ಡೇಟ್ ಎಂದರೆ ಅದರ ಮಾಡ್ಯೂಲ್‌ಗಳೆಲ್ಲ ಸೇರಿ ನೂರೈವತ್ತು ಎಂಬಿಗೆ ಹೆಚ್ಚು ಕಡಿಮೆ. ಒಂಬತ್ತು ಯಂತ್ರಗಳೂ ಬೇರೆ ಬೇರೆಯಾಗಿ ಇಳಿಸಿಕೊಂಡರೆ ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕಿನಲ್ಲಿ ಅದು ಎರಡು ದಿನದ ಕೆಲಸ. ‘ಆಪ್ಟ್ ಕ್ಯಾಷರ್ ಎನ್‌ಜಿ’ ಎಂಬ ಉಚಿತ ತಂತ್ರಾಂಶವನ್ನು ಲ್ಯಾಬಿನ ಒಂದು ಯಂತ್ರದಲ್ಲಿ ಹಾಕಿಕೊಂಡಿದ್ದೇವೆ. ಮೊದಲ ಯಂತ್ರ ಕೇಳಿದ ಪ್ಯಾಕೇಜನ್ನು ಅದು ಹೊರಗಿನಿಂದ ತಂದು ತನ್ನಲ್ಲೊಂದು ಪ್ರತಿ ಇಟ್ಟುಕೊಳ್ಳುತ್ತದೆ, ಉಳಿದ ಎಂಟಕ್ಕೆ ಆ ಪ್ರತಿಯನ್ನೇ ಬಡಿಸುತ್ತದೆ. ಹೀಗೆ ಬಂದ ಪ್ರತಿಯ ಮುದ್ರೆಯನ್ನೂ ಪ್ರತಿ ಯಂತ್ರ ತಾನೇ ಪರೀಕ್ಷಿಸಿಕೊಳ್ಳುವುದರಿಂದ ನಡುವಿನ ಯಂತ್ರವನ್ನು ನಂಬಬೇಕಾದ ಪ್ರಮೇಯವಿಲ್ಲ.

ವಿಂಡೋಸ್ ಬಳಸುವವರಿಗೆ ವಿಷಯ ಇನ್ನೂ ಸರಳ. ಅಲ್ಲಿ ಕರ್ನಲ್ ಪ್ರತ್ಯೇಕವಾಗಿ ಬರುವುದಿಲ್ಲ, ತಿಂಗಳ ಒಟ್ಟು ಅಪ್‌ಡೇಟಿನೊಳಗೇ ಬರುತ್ತದೆ. ಅದು ಹೊರಬೀಳುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಬೆಳಗ್ಗೆ. ನಮಗಾಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಅದು ಬುಧವಾರದ ಕೆಲಸ. ಸೆಟ್ಟಿಂಗ್ಸ್‌ನ ‘ವಿಂಡೋಸ್ ಅಪ್‌ಡೇಟ್’ ಒತ್ತಿದರೆ ಸಾಕು. ಅದು ಕೆಲಸ ಮಾಡದಿದ್ದರೆ ಮಾತ್ರ ‘ಕೆಬಿ’ ಸಂಖ್ಯೆ (ಪ್ರತಿ ಅಪ್‌ಡೇಟಿಗೂ ಇರುವ ಗುರುತಿನ ಸಂಖ್ಯೆ) ಹಿಡಿದು ಮೈಕ್ರೋಸಾಫ್ಟ್‌ನದೇ ಅಪ್‌ಡೇಟ್ ಕ್ಯಾಟಲಾಗ್‌ಗೆ ಹೋಗಬಹುದು. ತಡಮಾಡಿದರೆ ಏನಾಗುತ್ತದೆ ಎಂಬುದನ್ನು 2017ರಲ್ಲಿ ನೋಡಿದ್ದೇವೆ: ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಳಸಿಕೊಂಡ ದೋಷಕ್ಕೆ ಮಾರ್ಚ್ 14ಕ್ಕೇ ತಿದ್ದುಪಡಿ ಬಂದಿತ್ತು, ದಾಳಿ ನಡೆದದ್ದು ಮೇ 12ಕ್ಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ‘ವಿಂಡೋಸ್ 10ಕ್ಕೆ ಹೊಸ ಅಪ್‌ಡೇಟ್ ಇಲ್ಲಿದೆ’ ಎನ್ನುವ ನಕಲಿ ಪುಟಗಳಿಗೆ ಈಗ ಸುಗ್ಗಿಯ ಕಾಲ ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು.

ಮೊಬೈಲ್ ಫೋನಿನ ವಿಷಯದಲ್ಲಂತೂ ‘ಹುಡುಕಿ ಡೌನ್‌ಲೋಡ್ ಮಾಡಿ’ ಎಂಬ ಮಾತಿಗೆ ಅರ್ಥವೇ ಇಲ್ಲ. ಆಂಡ್ರಾಯ್ಡ್‌ನ ಒಳಗೂ ಲಿನಕ್ಸ್ ಕರ್ನಲ್ಲೇ ಇದೆ. ಅದನ್ನು ಕೊಡಬೇಕಾದವರು ಫೋನ್ ತಯಾರಿಸಿದವರು, ನಾವು ಬೇರೆಲ್ಲಿಂದಲೂ ತರುವಂತಿಲ್ಲ. ‘ಅಬೌಟ್ ಫೋನ್’ ಎಂಬಲ್ಲಿ ಕರ್ನಲ್ ಸಂಖ್ಯೆಯೂ ಸುರಕ್ಷತಾ ತಿದ್ದುಪಡಿಯ ದಿನಾಂಕವೂ ಕಾಣುತ್ತವೆ. ಆ ದಿನಾಂಕ ತಿಂಗಳ 1 ಎಂದಿದ್ದರೆ ಮೇಲಿನ ಪದರಗಳ ತಿದ್ದುಪಡಿ, 5 ಎಂದಿದ್ದರೆ ಕರ್ನಲ್ ಮತ್ತು ಚಿಪ್ ತಯಾರಕರ ಭಾಗದ ತಿದ್ದುಪಡಿಯೂ ಸೇರಿದೆ ಎಂದು ಓದಿಕೊಳ್ಳಬೇಕು. ನನ್ನ ಕೈಯಲ್ಲಿರುವ ಫೋನಿನಲ್ಲಿ 4.19 ಎಂದಿದೆ. ಆ ಸಾಲಿನ ಕರ್ನಲ್‌ಗೆ ಮೂಲದವರ ಬೆಂಬಲ 2024ರ ಡಿಸೆಂಬರ್‌ನಲ್ಲೇ ನಿಂತಿದೆ. ಫೋನಿನ ಗಾಜು ಇನ್ನೂ ಒಡೆದಿಲ್ಲ, ಬ್ಯಾಟರಿ ದಿನವಿಡೀ ಬರುತ್ತದೆ; ಬ್ಯಾಂಕಿನ ಆಪ್ ಮಾತ್ರ ಅದರಿಂದ ತೆಗೆದಿದ್ದೇನೆ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಎರಡು ಕೋರಿಕೆಗಳಿವೆ. ಒಂದು, ಕಳೆದ ವಾರದ ಆ ಸಾಲಿಗೆ ತಿದ್ದುಪಡಿ ಪ್ರಕಟಿಸಬೇಕು. ‘ಹುಡುಕಿ ಡೌನ್‌ಲೋಡ್ ಮಾಡಿಕೊಳ್ಳಿ’ ಎಂಬುದರ ಬದಲು, ‘ನಿಮ್ಮ ಯಂತ್ರದಲ್ಲೇ ಇರುವ ಅಪ್‌ಡೇಟ್ ವ್ಯವಸ್ಥೆಯ ಮೂಲಕವೇ ತರಿಸಿಕೊಂಡು, ಬಳಿಕ ರೀಸ್ಟಾರ್ಟ್ ಮಾಡಿ’ ಎಂದರೆ ಸಾಕು. ಜಾಗವೂ ಹೆಚ್ಚು ಬೇಡ. ಇನ್ನೊಂದು, ತಿಂಗಳಿಗೊಮ್ಮೆ, ಎರಡನೇ ಮಂಗಳವಾರ ಕಳೆದ ಮರುದಿನದ ಸಂಚಿಕೆಯಲ್ಲಿ, ಅಡಿಕೆ ಧಾರಣೆಯ ಪಕ್ಕ ಮೂರು ಅಂಗುಲದ ಒಂದು ಚೌಕ ಕೊಡಬೇಕು. ಲಿಂಗನಮಕ್ಕಿ 1819 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂದು ಮಳೆಗಾಲವಿಡೀ ತಮ್ಮ ಪತ್ರಿಕೆಯಲ್ಲಿ ನೋಡುವ ನಾವು, ಉಬುಂಟು, ಅದರಂಥದೇ ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಮತ್ತು ವಿಂಡೋಸ್‌ನ ಸದ್ಯದ ಕರ್ನಲ್ ಸಂಖ್ಯೆ ಎಷ್ಟು, ಯಾವ ಸಾಲಿನ ಬೆಂಬಲ ಯಾವ ತಿಂಗಳು ಮುಗಿಯುತ್ತದೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳುತ್ತೇವೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ದೋಷಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಹೊರಡಿಸುವ ಸೂಚನೆಗಳ ಸಾರವನ್ನು ಅದರಡಿ ಎರಡು ಸಾಲಿನಲ್ಲಿ ಕೊಟ್ಟರೆ ಶಾಲೆ, ಸೊಸೈಟಿ, ಗ್ರಂಥಾಲಯಗಳಲ್ಲಿ ಯಂತ್ರ ನೋಡಿಕೊಳ್ಳುವವರಿಗೆ ಉಪಕಾರವಾದೀತು.

ಇಂಥ ಚೌಕ ಹೇಗಿರಬಹುದು ಎಂಬುದಕ್ಕೆ ಮಾದರಿಯೊಂದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಅದನ್ನು ರೂಲ್ ಹಾಕಿ ಬರೆದವನು ಮೂರನೇ ಯಂತ್ರದ ಆ ಹುಡುಗನೇ. ಈಗ ಪ್ರತಿ ಶನಿವಾರ ಒಂಬತ್ತು ಯಂತ್ರಗಳಲ್ಲೂ ‘ಯುನೇಮ್’ ಕೇಳಿ ಸಂಖ್ಯೆಯನ್ನು ಗೋಡೆಯ ಪಟ್ಟಿಯಲ್ಲಿ ಬರೆಯುವುದು ಅವನ ಕೆಲಸ. ಕಳೆದ ಶನಿವಾರ ಎಂಟರ ಸಂಖ್ಯೆ ಒಂದೇ ಇತ್ತು. ಒಂಬತ್ತನೆಯದನ್ನು ಯಾರೋ ರೀಸ್ಟಾರ್ಟ್ ಮಾಡಿರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ